ಮಗ್ಗದ ಮನೆಯ ದನಿ, ಸ್ಕೂಟರಿನ ಹಿಂದಿನ ಸೀಟಿನಲ್ಲಿ

ಜೋರಾಗಿ ಮಾತಾಡುವವರನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತಿದರೆ ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಎದುರು ಬರುತ್ತವೆ.

ನನ್ನ ಹೆಂಡತಿ ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ನಡುಮನೆಯಲ್ಲೇ ಆರು ಪವರ್‌ಲೂಮ್. ಆ ಸದ್ದಿನಲ್ಲಿ ಉಪ್ಪು ಕೇಳಬೇಕಾದರೂ ಕೂಗಬೇಕು. ಅವಳಿಗೆ ಅದೇ ಮೆಲುದನಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಪಾಠ ಮೂರನೆಯ ಬೆಂಚಿನ ಆಚೆ ಹೋಗುವುದಿಲ್ಲವೆಂದು ಮಕ್ಕಳ ದೂರು. ಹನ್ನೊಂದು ವರ್ಷ, ಬಿಡುವಿದ್ದ ಭಾನುವಾರಗಳಲ್ಲೆಲ್ಲ ನಾವಿಬ್ಬರೂ ಸ್ಕೂಟರಿನಲ್ಲಿ ಬೆಟ್ಟ, ಕೆರೆ, ತೋಪು ಸುತ್ತಿದೆವು. ಹೋದ ವರ್ಷ ಅವಳು ತೀರಿಕೊಂಡಳು. ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

೧. ದಾರಿ ಕೇಳಿದ್ದು

ಕುಂದಾಣದ ಬೆಟ್ಟಕ್ಕೆ ಹೊರಟಿದ್ದೆವು. ದಾರಿ ಎರಡಾಗಿ ಒಡೆಯಿತು. ಮೂರು ಹೊಲದಾಚೆ ಒಬ್ಬರು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಿದ್ದರು. ಹೋಗಿ ಕೇಳೋಣವೆಂದು ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಇವಳು ಕೂತಲ್ಲಿಂದಲೇ, “ಅಣ್ಣಾ, ಬೆಟ್ಟಕ್ಕೆ ಯಾವ್ ಕಡೆ?” ಎಂದಳು.

“ಎಡಕ್ಕೋಗಮ್ಮಾ!” ಎಂದರು ಅವರು.

ಬಲಗಡೆಯ ಪಂಪ್‌ಸೆಟ್ ಮನೆಯಿಂದ ಇನ್ನೊಬ್ಬರು ಹೊರಬಂದು, “ಏ, ಎಡಕ್ಕ್ಯಾಕೆ ಕಳಿಸ್ತೀಯಾ? ಬಲಕ್ಕೇ ಹತ್ರ!” ಎಂದರು. ದೂರದ ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದ ಹೆಂಗಸು, “ಎರಡೂ ಬೇಡ, ವಾಪಸ್ ಹೋಗಿ ಕೆರೆ ಏರಿ ಹತ್ತಿ!” ಎಂದರು. ಮೂವರ ನಡುವೆ ಜಗಳ ಹತ್ತಿತು. ನಾವು ಮೆಲ್ಲಗೆ ಹೊರಟೆವು.

ಎರಡು ಗಂಟೆಯ ನಂತರ ಅದೇ ಜಾಗಕ್ಕೆ ಬಂದರೆ ಮೂವರೂ ರಸ್ತೆ ಮಧ್ಯೆ ನಿಂತಿದ್ದರು. “ಯಾರ್ ಹೇಳಿದ್ ದಾರೀಲಿ ಹೋದ್ರಿ? ಅದನ್ನ್ ಹೇಳಿ ಮುಂದಕ್ಕೆ ಹೋಗಿ.”

ನಾವು ದಾರಿ ತಪ್ಪಿ ಬೇರೆ ಯಾವುದೋ ಬೆಟ್ಟ ನೋಡಿಕೊಂಡು ಬಂದಿದ್ದೆವು.

೨. ಮಂಡಿಗೆ ಎಣ್ಣೆ

ಮಾಕಳಿದುರ್ಗದ ಬೆಟ್ಟದಲ್ಲಿ ಅವಳು ಮೊದಲೇ ತುದಿ ಸೇರಿದಳು. ನಾನು ಅರ್ಧದಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದೆ. ಮೇಲಿನಿಂದ ದನಿ ಬಂತು: “ರೀ, ಬೆಳಿಗ್ಗೆ ಮಂಡಿಗೆ ಎಣ್ಣೆ ಹಚ್ಕೊಂಡ್ರಾ ಇಲ್ವಾ?”

ಬೆಂಗಳೂರಿನಿಂದ ಬಂದ ಒಂದು ಗುಂಪು ಇಳಿಯುತ್ತಿತ್ತು. ಮೊದಲನೆಯವನು ನನ್ನ ಹತ್ತಿರ ನಿಂತು, “ಅಂಕಲ್, ಹಚ್ಕೊಂಡ್ರಾ?” ಎಂದ. ಎರಡನೆಯವನೂ ಕೇಳಿದ. ಒಟ್ಟು ಹದಿನಾಲ್ಕು ಜನ. ಹದಿನಾಲ್ಕು ಸಲವೂ ಇಲ್ಲ ಎಂದೆ.

ಸೋಮವಾರ ತರಗತಿಗೆ ಹೋದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಬಹಳ ವಿನಯದಿಂದ, “ಸಾರ್, ಇವತ್ತಾದ್ರೂ ಎಣ್ಣೆ ಹಚ್ಕೊಂಡ್ರಾ?” ಎಂದಳು.

ಆ ಹುಡುಗಿ ಬೆಟ್ಟ ಹತ್ತಿರಲಿಲ್ಲ. ಅವಳ ಮನೆ ಬೆಟ್ಟದ ಬುಡದ ಊರಿನಲ್ಲಿತ್ತು.

೩. ಮೌನ

ಇದಾದ ಮೇಲೆ ನನಗೆ ಸಿಟ್ಟು ಬಂತು. ಶಿವಗಂಗೆಗೆ ಹೊರಟ ದಿನ, “ಇವತ್ತು ದಯವಿಟ್ಟು ಬಾಯಿ ಬಿಡ್ಬೇಡ” ಎಂದೆ. ಅವಳು ಒಪ್ಪಿದಳು. ದಾಬಸ್‌ಪೇಟೆ ಹತ್ತಿರ ಪೆಟ್ರೋಲ್ ಹಾಕಿಸಿದೆ. ಅಲ್ಲಿಂದ ಬೆಟ್ಟದ ಬುಡದವರೆಗೆ ಗ್ರಾನೈಟ್ ಹೇಗೆ ಆಯಿತೆಂದು ವಿವರಿಸಿದೆ. ಅವಳು ಒಮ್ಮೆಯೂ ಅಡ್ಡ ಬರಲಿಲ್ಲ. ಇಷ್ಟು ಗಮನವಿಟ್ಟು ನನ್ನ ಪಾಠವನ್ನು ಯಾರೂ ಕೇಳಿರಲಿಲ್ಲ.

ಅಲ್ಲಿನ ಟೀ ಅಂಗಡಿಯವರು, “ಸಾರ್, ಯಾರ್ ಜೊತೆ ಮಾತಾಡ್ತಿದ್ದೀರಾ?” ಎಂದಾಗ ತಿರುಗಿ ನೋಡಿದೆ. ಸೀಟು ಖಾಲಿ.

ಇಪ್ಪತ್ತು ನಿಮಿಷದ ಮೇಲೆ ಹೂವಿನ ಬುಟ್ಟಿಗಳ ಗೂಡ್ಸ್ ಆಟೋದಲ್ಲಿ ಬಂದಿಳಿದಳು. ಪೆಟ್ರೋಲ್ ಬಂಕಿನಲ್ಲಿ ಅವಳು ಇಳಿದಿದ್ದನ್ನು ಮರೆತು ನಾನು ಹೊರಟುಬಿಟ್ಟಿದ್ದೆ.

“ಕೂಗಬಾರದಾಗಿತ್ತಾ?” ಎಂದೆ.

“ಬಾಯಿ ಬಿಡ್ಬೇಡ ಅಂದಿದ್ದು ಯಾರ್ರೀ?” ಎಂದಳು. ಅದನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಯಾರದೋ ಬ್ಯಾಗು ಕಸಿದುಕೊಂಡು ಹೋಗುತ್ತಿದ್ದ ಕೋತಿ ಅದನ್ನು ಅಲ್ಲೇ ಬಿಟ್ಟು ಓಡಿತು.

೪. ಗುಂಡಮಗೆರೆ

ಒಂದು ಜಾಗಕ್ಕೆ ಮಾತ್ರ ನಾನು ಅವಳನ್ನು ಕರೆದುಕೊಂಡು ಹೋಗಲಿಲ್ಲ. ಗುಂಡಮಗೆರೆ ಕೆರೆ. ಅಲ್ಲಿ ಹಕ್ಕಿಗಳು ಬರುತ್ತವೆ. ಪ್ರತಿ ಚಳಿಗಾಲವೂ ಕೇಳುತ್ತಿದ್ದಳು. ಪ್ರತಿ ಸಲವೂ ನಾನು, “ನೀನು ಬಂದ್ರೆ ಹಕ್ಕಿ ಎಲ್ಲಿರ್ತಾವೆ? ಬರೀ ನೀರು ನೋಡ್ಕೊಂಡು ಬರ್ಬೇಕು” ಎನ್ನುತ್ತಿದ್ದೆ. ನಗುತ್ತಿದ್ದಳು. ಹನ್ನೊಂದು ಚಳಿಗಾಲ ಹಾಗೇ ಹೋದವು.

ಈ ಜನವರಿಯಲ್ಲಿ ಒಬ್ಬನೇ ಹೋದೆ. ಏರಿಯ ಮೇಲೆ ದೊಡ್ಡ ಕ್ಯಾಮೆರಾ ಹಿಡಿದು ಒಬ್ಬರು ಮಾತ್ರ ಕೂತಿದ್ದರು. ನೀರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು. ಎಣಿಸಿದೆ, ನೂರಾ ಹನ್ನೆರಡು. ಒಂದು ಗಂಟೆ ಕೂತೆ. ಒಂದೂ ಹಾರಲಿಲ್ಲ. ನಾನು ಬಯಸಿದ್ದ ನಿಶ್ಶಬ್ದ ಪೂರ್ತಿಯಾಗಿ ಸಿಕ್ಕಿತ್ತು. ಅದರಲ್ಲಿ ಇನ್ನಷ್ಟು ಹೊತ್ತು ಕೂರಲು ನನ್ನಿಂದ ಆಗಲಿಲ್ಲ.

ಎದ್ದು ನಿಂತು, “ಇಲ್ಲಿ ಬಾರೇ, ಎಷ್ಟಿವೆ ನೋಡು!” ಎಂದು ಕೂಗಿಬಿಟ್ಟೆ. ನನ್ನಲ್ಲಿ ಅಷ್ಟು ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಇಡೀ ಕೆರೆ ಮೇಲೆದ್ದಿತು. ಕೊಕ್ಕರೆಗಳ ರೆಕ್ಕೆಯ ಅಡಿಯ ಕಪ್ಪು ಬಿಳುಪು ಆಗ ಕಾಣಿಸಿತು. ಅವಳಿದ್ದಿದ್ದರೆ ಸೀರೆ ತೋರಿಸುವಂತೆ ಇದು ಅಂಚು, ಇದು ಸೆರಗು ಎಂದು ಹೇಳುತ್ತಿದ್ದಳು. ಅವಳನ್ನು ಕರೆತಂದಿದ್ದರೆ ಮೊದಲ ವರ್ಷವೇ ಇದನ್ನು ನೋಡಿರುತ್ತಿದ್ದೆವು.

ಕ್ಷಮೆ ಕೇಳಲು ಕ್ಯಾಮೆರಾದವರ ಬಳಿ ಹೋದೆ. ಅವರು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದರು. ಮುಗಿಸಿ ನನ್ನ ಕೈ ಹಿಡಿದುಕೊಂಡರು. “ಸಾರ್, ಮೂರು ಭಾನುವಾರದಿಂದ ಕಾಯ್ತಿದ್ದೀನಿ, ಹಾರೋ ಫೋಟೋ ಒಂದೂ ಸಿಕ್ಕಿರ್ಲಿಲ್ಲ. ಯಾರನ್ನ ಕರೆದ್ರಿ?”

“ನನ್ನ ಹೆಂಡತೀನ.”

ಅವರು ಏರಿಯ ಉದ್ದಕ್ಕೂ ನೋಡಿದರು. “ಎಲ್ಲಿದ್ದಾರೆ?”

“ಹೋದ ವರ್ಷ ತೀರ್ಕೊಂಡ್ರು.”

ಅವರು ಕ್ಯಾಮೆರಾ ಕೆಳಗಿಳಿಸಿದರು. ಹಕ್ಕಿಗಳು ಒಂದೊಂದಾಗಿ ಬಂದು ಮತ್ತೆ ನೀರಿಗಿಳಿದವು. ಅವರು ಗಂಟಲು ಸರಿ ಮಾಡಿಕೊಂಡರು.

“ಸಾರ್, ತಪ್ಪು ತಿಳ್ಕೋಬೇಡಿ. ಮೇಡಂನ ಇನ್ನೊಂದ್ ಸಲ ಕರೀತೀರಾ?”

ಎರಡು ಸಲ ಕರೆದೆ. ಅವರ ಫೋಟೋಗೆ ಒಂದೇ ಸಲ ಸಾಕಾಗಿತ್ತು.