ಮಾವನ ಪೆನ್ಸಿಲ್ ಮುಟ್ಟದ ಪಟ

1979ರ ಮಾರ್ಚ್ 4, ಭಾನುವಾರ. ಆಧಾರ: ನನ್ನ ಓದುವ ಕೋಣೆಯ ಗೋಡೆಯಲ್ಲಿರುವ ಕಪ್ಪುಬಿಳುಪು ಪಟವೊಂದರ ಹಿಂಬದಿಯಲ್ಲಿ ನನ್ನ ಸೋದರಮಾವ ಪೆನ್ಸಿಲಿನಿಂದ ಬರೆದಿರುವ ಒಂದು ಸಾಲು. ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಿದೆ. ಆದರೆ ದಿನಾಂಕ ತಪ್ಪು. ತಪ್ಪಾಗಿರಲೇಬೇಕು. ಏಕೆಂದರೆ ಪಟದಲ್ಲಿ ಮಧುಗಿರಿಯ ಮನೆಯ ಜಗುಲಿಯ ಮೇಲೆ ನಮ್ಮ ಅಜ್ಜಿ ಕುಳಿತಿದ್ದಾಳೆ, ಅವಳ ಪಕ್ಕದಲ್ಲಿ ನಾನಿದ್ದೇನೆ. ನನ್ನ ದಿನಚರಿಯೋ, ಅಂದು ನಾನು ಮೈಸೂರಿನ ಹಾಸ್ಟೆಲಿನಲ್ಲಿ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದೆನೆಂದು ಹೇಳುತ್ತದೆ. ಒಬ್ಬನೇ ಮನುಷ್ಯ ಒಂದೇ ಭಾನುವಾರ ಎರಡು ಊರುಗಳಲ್ಲಿ ಇರಲಾರ. ಶಾಸನಗಳಲ್ಲಿ ಕೆಲವು ರಾಜರು ಹಾಗೆ ಇರುವುದುಂಟು, ಎಂ.ಎ. ವಿದ್ಯಾರ್ಥಿಗೆ ಆ ಸೌಲಭ್ಯವಿಲ್ಲ!

ನಾನು ಬದುಕಿಡೀ ಶಾಸನಗಳ ದಿನಾಂಕಗಳನ್ನು ತಾಳೆ ನೋಡಿ ನಿವೃತ್ತನಾದವನು. ಈ ಕೆಲಸದ ದಣಿವು ಕಲ್ಲು ಹೊತ್ತವನ ದಣಿವಿನಂತಲ್ಲ. ಎಲ್ಲರೂ ಉಂಡು ಎದ್ದ ಮೇಲೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕುಳಿತವನ ದಣಿವು. ಇಂಥ ನನಗೆ ದೈವ ದಯಪಾಲಿಸಿದ ಸೋದರಮಾವನಾದರೂ ಎಂಥವರು? ತಮ್ಮ ಸ್ಟುಡಿಯೋದಿಂದ ಒಂದೇ ಒಂದು ನಿಜವಾದ ಪಟವನ್ನೂ ಹೊರಗೆ ಕಳಿಸದವರು!

ಮಧುಗಿರಿಯ ಪೇಟೆಬೀದಿಯಲ್ಲಿ ಅವರದೊಂದು ಇಕ್ಕಟ್ಟಾದ ಸ್ಟುಡಿಯೋ ಇತ್ತು. ಮುಂದೆ ಪರದೆ, ಕುರ್ಚಿ, ಬಾಚಣಿಗೆ, ಪೌಡರ್ ಡಬ್ಬಿ; ಹಿಂದೆ ಡಾರ್ಕ್ ರೂಮು. ಕಿಟಕಿಯ ಬಳಿ ಓರೆಯಾಗಿ ನಿಲ್ಲಿಸಿದ ಒಂದು ಗಾಜಿನ ಹಲಗೆ. ನೆಗೆಟಿವನ್ನು ಅದರ ಮೇಲಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ಸೂಜಿಯಂತೆ ಹೆರೆದ ಪೆನ್ಸಿಲಿನ ಮೊನೆಯಿಂದ ಮುಖದ ಕಲೆ, ಸುಕ್ಕು, ಕಣ್ಣಡಿಯ ಕಪ್ಪುಗಳನ್ನೆಲ್ಲ ತುಂಬಿ ಮರೆಸುವುದು. ಇದಕ್ಕೆ ಟಚಿಂಗ್ ಎಂದು ಹೆಸರು. ಬೇರೆ ಛಾಯಾಗ್ರಾಹಕರಿಗೆ ಇದು ಕಸುಬಿನ ಒಂದು ಅಂಗ. ನಮ್ಮ ಮಾವನಿಗೆ ಮತಧರ್ಮ.

"ದೇವ್ರು ಆತುರದಾಗೆ ಮಾಡಿ ಕಳಿಸ್ಬುಟ್ಟವ್ನೆ ಕಣ್ಲಾ ಅಳಿಯ. ಅವ್ನಿಗೂ ಎಷ್ಟು ಕೆಲ್ಸ ಪಾಪ! ಫಿನಿಶಿಂಗು ನಮ್ದು" ಎನ್ನುತ್ತಿದ್ದರು.

ಈ ಫಿನಿಶಿಂಗಿನ ಪರಿಣಾಮ ಎಲ್ಲಿಯವರೆಗೆ ಹೋಗಬಲ್ಲದು? ತೋವಿನಕೆರೆಯ ಮೇಷ್ಟರೊಬ್ಬರು ತಮ್ಮ ಮಗಳ ಪಟವನ್ನು ಮಾವನಿಂದ ತೆಗೆಸಿ ಪಾವಗಡದ ಕಡೆಯ ಗಂಡಿನ ಮನೆಗೆ ಕಳುಹಿಸಿದ್ದರು. ಗಂಡಿನವರೂ ತಮ್ಮ ಹುಡುಗನ ಪಟ ಕಳುಹಿಸಿದ್ದರು. ಎರಡೂ ಕಡೆ ಒಪ್ಪಿಗೆಯಾಗಿ ಹೆಣ್ಣು ನೋಡಲು ಬಂದರು. ಹುಡುಗಿ ಕಾಫಿ ತಂದಿಟ್ಟಳು. ಗಂಡಿನ ತಾಯಿ ಲೋಟವನ್ನು ಮುಟ್ಟದೆ, "ಈ ಅಮ್ಮಾಯಿ ಕಾದು ಕದಾ! ಇವಳಲ್ಲ, ಪಟದಾಗ ಇರೋ ಹುಡುಗೀನ ಕರೀರಮ್ಮ" ಎಂದರಂತೆ. ಬಾಗಿಲ ಸಂದಿಯಿಂದ ಹುಡುಗಿಯ ಅಜ್ಜಿ, "ಅದಿರ್ಲಿ ಕಣಮ್ಮ, ನಿಮ್ ಹುಡ್ಗ ಯಾಕ್ ಬರ್ನಿಲ್ಲ? ಇವ್ರು ಅವ್ನ ಚಿಕ್ಕಪ್ಪನಾ?" ಎಂದು ಕೇಳಿದರಂತೆ. ಮಾತು ಬೆಳೆದು, ಎರಡು ಪಟಗಳೂ ಚಾಪೆಯ ಮೇಲೆ ಬಿದ್ದು, ಯಾರೋ ಅವನ್ನು ತಿರುವಿ ನೋಡಿದರೆ ಎರಡರ ಹಿಂದೆಯೂ ಒಂದೇ ಮೊಹರು: ನಮ್ಮ ಮಾವನ ಸ್ಟುಡಿಯೋದ್ದು! ಯಾರು ಯಾರನ್ನು ಬೈಯಬೇಕು? ಎಲ್ಲರೂ ಕಾಫಿ ಕುಡಿದರು. ಮದುವೆ ನಡೆಯಿತು. ಮದುವೆಯ ಪಟಕ್ಕೂ ಮಾವನನ್ನೇ ಕರೆಸಿದರು. ಮದುಮಗಳು ಮೆಲ್ಲಗೆ ಬೇಡಿಕೊಂಡಳಂತೆ: "ಅಣ್ಣಾ, ಈ ಸಲ ಟಚಿಂಗ್ ಬ್ಯಾಡ. ನಮ್ಮತ್ತೆ ನನ್ನ ಗುರ್ತು ಹಿಡೀಬೇಕು!"

ಇಷ್ಟಕ್ಕೇ ತೃಪ್ತರಾಗಿದ್ದರೆ ನನ್ನ ಕೆಲಸವೂ ಹಗುರವಾಗುತ್ತಿತ್ತು. ಮಾವನಿಗೆ ಸ್ಪರ್ಧೆಗಳ ಹುಚ್ಚಿತ್ತು. ಬೆಂಗಳೂರಿನ ಛಾಯಾಚಿತ್ರ ಸಂಘವೊಂದು ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತಿತ್ತು. ಅದರ ಮೊದಲ ನಿಯಮವೇ, ಕಳುಹಿಸುವ ಪಟವನ್ನು ತಿದ್ದಿರಬಾರದು ಎಂಬುದು. ಉಪವಾಸದ ದಿನ ಅಡಿಗೆಯವನನ್ನು ಅಡಿಗೆಮನೆಯಲ್ಲಿ ಕೂಡಿಹಾಕಿದಂತಾಯಿತು. ಒಂದು ವರ್ಷ ಮಾವ ಮಧುಗಿರಿ ಬೆಟ್ಟದ ಪಟ ಕಳುಹಿಸಿದರು. ಬಂಡೆಯ ಮೇಲಿನ ಮಳೆನೀರಿನ ಕರೆಗಳೆಲ್ಲ ಮಾಯವಾಗಿ, ಬೆಟ್ಟ ಆಗತಾನೆ ಕ್ಷೌರ ಮಾಡಿಸಿಕೊಂಡು ಬಂದಂತಿತ್ತು. ವಾಪಸು ಬಂತು. ಮರುವರ್ಷ ಮದಲೂರು ಕೆರೆಯ ಸರದಿ. ಅವರು ಹೋದದ್ದು ಬೇಸಗೆಯಲ್ಲಿ. ಕೆರೆಯಂಗಳದಲ್ಲಿ ಜಾಲಿಗಿಡ ಬಿಟ್ಟರೆ ಏನಿಲ್ಲ. ಏರಿಯ ಮೇಲೊಂದು ಎಮ್ಮೆ ನಿಂತಿತ್ತು. ಪಟ ಸ್ಟುಡಿಯೋದಿಂದ ಹೊರಬೀಳುವ ಹೊತ್ತಿಗೆ ಕೆರೆ ತುಂಬಿತ್ತು! ಜಾಲಿಗಿಡಗಳನ್ನು ಅಳಿಸಿ, ಪೆನ್ಸಿಲಿನಿಂದ ಒಂದೊಂದೇ ಅಲೆ ಎಬ್ಬಿಸಿ, ಬೇರೊಂದು ನೆಗೆಟಿವಿನಿಂದ ಮೋಡಗಳನ್ನೂ ತಂದು ಕೂಡಿಸಿದ್ದರು. ಪಟ ಮತ್ತೆ ಹಿಂತಿರುಗಿತು. ತೀರ್ಪುಗಾರರು ಒಂದೇ ಪ್ರಶ್ನೆ ಕೇಳಿದ್ದರು: ಏರಿಯ ಮೇಲೆ ಎಮ್ಮೆಯಿದೆ, ನೀರಿನಲ್ಲಿ ಅದರ ಬಿಂಬವೆಲ್ಲಿ?

"ಎಮ್ಮೆ ಬಿಂಬಾನೂ ಬರೀತಿದ್ದೆ ಕಣ್ಲಾ. ಅಷ್ಟೊತ್ಗೆ ಕೊನೇ ತಾರೀಕು ಬಂದ್ಬುಡ್ತು" ಎಂದು ಮಾವ ನಿಟ್ಟುಸಿರುಬಿಟ್ಟರು.

ಸೋತ ಪಟವನ್ನೇ ಅವರು ಹೆಮ್ಮೆಯಿಂದ ಮದಲೂರಿನ ಹೋಟೆಲಿನಲ್ಲಿ ತೋರಿಸಿದಾಗ, ಅಲ್ಲಿದ್ದ ಕುರಿಗಾಹಿಯೊಬ್ಬ ಬಹಳ ಹೊತ್ತು ನೋಡಿ, "ಇದ್ಯಾವ ಊರು ಸ್ವಾಮಿ? ನಮ್ ಕುರೀನೂ ಅಲ್ಲಿಗೇ ಹೊಡ್ಕೊಂಡೋಗ್ತೀವಿ" ಎಂದನಂತೆ. ಆ ಮಾತನ್ನು ಮಾವ ಕೊನೆಯವರೆಗೂ ಬಹುಮಾನವೆಂದೇ ಎಣಿಸಿದ್ದರು.

ಟಚಿಂಗಿನಲ್ಲೇ ದೊಡ್ಡ ಕೆಲಸ ಹಿಡಿಯಬೇಕೆಂದು ಅವರು ಬೆಂಗಳೂರಿಗೂ ಹೋಗಿಬಂದರು. 1978ರ ಕೊನೆಯಲ್ಲಿ ಎಂದು ನನ್ನ ಲೆಕ್ಕ; ಅತ್ತೆಯ ಲೆಕ್ಕದಲ್ಲಿ ಅವರೆಕಾಯಿ ಕಾಲ. ಎರಡಕ್ಕೂ ವಿರೋಧವಿಲ್ಲ. ಅಲ್ಲಿನ ಹೆಸರಾದ ಸ್ಟುಡಿಯೋದ ಮಾಲೀಕರು, ನಿವೃತ್ತ ಅಧಿಕಾರಿಯೊಬ್ಬರ ನೆಗೆಟಿವನ್ನು ಕೊಟ್ಟು ಕೈ ಪರೀಕ್ಷಿಸಿದರು. ಮಾವ ಸಂಜೆಯವರೆಗೆ ಕುಳಿತು ಅವರ ಸುಕ್ಕುಗಳನ್ನೆಲ್ಲ ತೆಗೆದರು, ಜೋತ ಗಲ್ಲವನ್ನು ಎತ್ತಿ ಕಟ್ಟಿದರು. ಆ ಅಧಿಕಾರಿ ಬಂದು ಪಟ ನೋಡಿದವರೇ ಕೆಂಡವಾದರು: "ಇದು ನಾನಲ್ಲ ರೀ, ನನ್ನ ಮಗ! ಆ ಅಯೋಗ್ಯನ ಮುಖ ನೋಡಲ್ಲ ಅಂತ ನಾನು ಶಪಥ ಮಾಡಿದ್ದೀನಿ!"

ಮಾಲೀಕರು ಮಾತ್ರ ಮಾವನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮ ಕೈ ಬಹಳ ಚೆನ್ನಾಗಿದೆ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ. ಪೆನ್ಸಿಲ್ ಮುಟ್ಟದ ಒಂದೇ ಒಂದು ಪಟಕ್ಕೆ ಈ ಸಲದ ಸ್ಪರ್ಧೆಯಲ್ಲಿ ಬಹುಮಾನ ತಗೊಂಡು ಬನ್ನಿ. ಕಿಟಕಿ ಪಕ್ಕದ ಮೇಜು ನಿಮ್ಮದು."

ಊರಿಗೆ ಬಂದ ಮಾವ ಬೇರೆಯೇ ಮನುಷ್ಯ. ಪೆನ್ಸಿಲುಗಳನ್ನೆಲ್ಲ ಕಟ್ಟಿ, ಕೈಗೆ ಸಿಗಬಾರದೆಂದು ಅತ್ತೆಯ ಸಾಸಿವೆ ಡಬ್ಬಿಯಲ್ಲಿಟ್ಟರು. ಯಾರ ಕೈಕಾಲು ಹಿಡಿದೋ ಒಂದು ರೋಲು ಒಳ್ಳೆಯ ಫಿಲ್ಮು ತರಿಸಿ, ಕೊರಟಗೆರೆ, ಪಾವಗಡ, ಶಿರಾಗಳನ್ನು ಬಸ್ಸಿನಲ್ಲಿ ಸುತ್ತಿದರು. ತಿದ್ದಲೇಬೇಕಾಗಿಲ್ಲದ ನೋಟವೊಂದು ಎಲ್ಲಾದರೂ ಇದ್ದೀತೆಂಬ ಆಸೆ. ಶಿರಾದ ಬಸ್ ನಿಲ್ದಾಣದಲ್ಲಿ ಚಹಾ ಮಾರುವ ಮುದುಕರೊಬ್ಬರನ್ನು ಹಿಡಿದು, ಮೇಲಿಂದ ಕೆಳಕ್ಕೆ ಚಹಾ ಸುರಿಸುತ್ತ ನಿಲ್ಲಿಸಿಕೊಂಡು, ಸೂರ್ಯ ಮೋಡದಿಂದ ಹೊರಬರಲೆಂದು ಕಾದರು. ಕೊನೆಗೆ ಆ ಮುದುಕರು ಕೈಮುಗಿದರಂತೆ: "ಅರೇ ಸಾಬ್, ಜಲ್ದಿ ತಗೀರಿ! ನಿಮ್ ಫೋಟೋ ಆಗೋ ಹೊತ್ಗೆ ಚಾನೂ ಖಾಲಿ, ಗಿರಾಕೀನೂ ಖಾಲಿ!" ಒಂದೊಂದೇ ಫ್ರೇಮು ಮುಗಿಯುತ್ತ ಬಂತು. ಯಾವುದನ್ನು ನೋಡಿದರೂ ಮಾವನ ಬೆರಳು ಸಾಸಿವೆ ಡಬ್ಬಿಯ ಕಡೆಗೇ ತುಡಿಯುತ್ತಿತ್ತು. ಕಡೆಗೆ ಉಳಿದದ್ದು ಒಂದೇ ಫ್ರೇಮು.

ಆ ವರ್ಷ ಸ್ಪರ್ಧೆಗೆ ಅವರು ಏನನ್ನೂ ಕಳುಹಿಸಲಿಲ್ಲ. ಮುಂದೆಂದೂ ಕಳುಹಿಸಲಿಲ್ಲ. ಕಿಟಕಿ ಪಕ್ಕದ ಮೇಜು ಬೇರೆ ಯಾರದೋ ಆಯಿತು. ಕಡೆಯ ಫ್ರೇಮಿನಲ್ಲಿ ತೆಗೆದದ್ದೇ ಅಜ್ಜಿಯೂ ನಾನೂ ಇರುವ ಈ ಪಟ. ಬೇಸಗೆಯ ರಜೆಗೆ ನಾನು ಊರಿಗೆ ಬಂದಾಗ ಅಜ್ಜಿ ತೀರಿಕೊಂಡಾಗಿತ್ತು. ಮಾವ ಇದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಪಟ ತೆಗೆದ ಆ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಜಗುಲಿಯ ಮೇಲೆ ಓರೆ ಬಿಸಿಲು ಬಿದ್ದಿತ್ತು. ನಾನು ಚೌಕುಳಿ ಅಂಗಿ ತೊಟ್ಟಿದ್ದೆ. ನಶ್ಯದ ವಾಸನೆಯ ಅಜ್ಜಿ ತನ್ನ ಒಣಗಿದ ಅಂಗೈಯನ್ನು ನನ್ನ ಹೆಗಲ ಮೇಲಿಟ್ಟು, ನನ್ನ ಕಡೆ ತಿರುಗಿ ಬೊಚ್ಚುಬಾಯಿ ತೆರೆದು ನಕ್ಕಿದ್ದಳು. "ಉಸ್ರು ಬುಡಬ್ಯಾಡ ಕಣ್ಲಾ!" ಎಂದು ಮಾವ ಕೂಗಿದ್ದರು. ಪಟದಲ್ಲಿ ನಾನೊಬ್ಬ ಮಾತ್ರ ಕೆಲಸಕ್ಕೆ ಅರ್ಜಿ ಹಾಕುವವನಂತೆ ನೆಟ್ಟಗೆ ಮುಂದೆ ನೋಡುತ್ತಿದ್ದೇನೆ. ಇದು ನನ್ನ ಸಹಜ ಗಾಂಭೀರ್ಯವೆಂದು ಮನೆಯವರಿಗೆ ವಿವರಿಸುತ್ತ ಬಂದಿದ್ದೇನೆ.

ಊರಿಗೆ ಹೋದಾಗಲೆಲ್ಲ ನಾನು ತಕರಾರು ತೆಗೆಯುತ್ತಿದ್ದೆ: "ಮಾವ, ಹಿಂದೆ ಬರೆದಿರುವ ದಿನಾಂಕ ತಪ್ಪು. ಅವತ್ತು ನಾನು ಮೈಸೂರಿನಲ್ಲಿ ಜ್ವರ ಬಂದು ಮಲಗಿದ್ದೆ."

"ಇರ್ಬೌದು ಬುಡು ಅಳಿಯ. ನಂದೇನು ನಿನ್ನಂಗೆ ತಲೇನಾ?"

"ಜಗುಲಿಯಲ್ಲಿ ಕೂತದ್ದು, ನೀವು ಉಸಿರು ಬಿಡಬೇಡ ಅಂದದ್ದು, ಎಲ್ಲ ನೆನಪಿದೆ. ಅದು ಫೆಬ್ರವರಿಯೇ ಇರಬೇಕು."

"ಅಂಗಂತೀಯಾ?" ಎಂದು ಮಾವ ಮೀಸೆಯ ಅಡಿಯಲ್ಲೇ ನಗುತ್ತಿದ್ದರು. ದಿನಾಂಕ ತಪ್ಪು ಬರೆದು ನಗುವವರ ಬಗ್ಗೆ ನನಗೆ ಮೊದಲಿಂದಲೂ ಸಹನೆ ಕಡಿಮೆ.

ಮಾವ ಹೋದ ಮೇಲೆ, ಈ ಸಂಕ್ರಾಂತಿಯಲ್ಲಿ ಮಧುಗಿರಿಗೆ ಹೋಗಿದ್ದೆ. ಅತ್ತೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ಮುಂದಿಟ್ಟು, "ನಿನ್ಗೆ ಹಳೇದೆಲ್ಲ ಬೇಕಲ್ಲ, ತಗಂಡೋಗಪ್ಪ" ಎಂದರು. ತುಂಬ ನೆಗೆಟಿವುಗಳು. ನಾನು ಆ ದಿನಾಂಕವನ್ನು ಒಮ್ಮೆಗೇ ಇತ್ಯರ್ಥ ಮಾಡುವ ಹಟದಿಂದ ಒಂದೊಂದನ್ನೇ ಕಿಟಕಿಗೆ ಹಿಡಿದೆ. ನಮ್ಮ ಜಗುಲಿ ಸಿಕ್ಕಿತು. ಅಜ್ಜಿ ಸಿಕ್ಕಿದಳು. ಅವಳ ಮುಖದ ಒಂದು ಸುಕ್ಕಿನ ಮೇಲೂ ಪೆನ್ಸಿಲಿನ ಗೀರಿರಲಿಲ್ಲ.

ಅವಳ ಪಕ್ಕದಲ್ಲಿ ನಾನಿರಲಿಲ್ಲ.

ಅಲ್ಲಿ ಗೋಡೆಗೊರಗಿಸಿದ ಒಂದು ಒನಕೆಯಿತ್ತು. ಅದಕ್ಕೆ ಅಡ್ಡಲಾಗಿ ಕೋಲು ಕಟ್ಟಿ, ನನ್ನ ಚೌಕುಳಿ ಅಂಗಿಯನ್ನು ತೊಡಿಸಿ, ಗುಂಡಿ ಹಾಕಲಾಗಿತ್ತು. ಅಜ್ಜಿ ಆ ಅಂಗಿಯ ಹೆಗಲ ಮೇಲೆ ಕೈಯಿಟ್ಟು, ಒನಕೆಯ ತುದಿಯನ್ನು ನೋಡುತ್ತ, ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಅವತ್ತು ಬೆಳಗಿನ ಬಿಸ್ಲಲ್ಲಿ ಅತ್ತೆಮ್ಮ ಜಗ್ಲಿ ಮೇಲೆ ಕೂತಿದ್ರು. ನಿಮ್ ಮಾವ ನೋಡಿದ್ದೇ, 'ಅಮ್ಮಾ, ಅಂಗೇ ಇರು, ಏನೂ ತಿದ್ದಂಗಿಲ್ಲ, ಇದಕ್ಕೇ ಬಹುಮಾನ' ಅಂತ ಕ್ಯಾಮೆರಾ ತಂದ್ರು. ನಿಮ್ಮಜ್ಜಿ ಬುಡ್ತಾರಾ? 'ಲೇ, ಒಂಟಿ ಪಟ ಸತ್ತೋರ್ದು ಕಣ್ಲಾ. ನನ್ ಮೊಮ್ಮಗ ಪಕ್ಕದಾಗಿದ್ರೆ ತಗಿ, ಇಲ್ದಿದ್ರೆ ಹೋಗು' ಅಂದ್ರು. 'ಅವ್ನು ಮೈಸೂರಾಗವ್ನೆ ಕಣಮ್ಮ, ಇರೋದೊಂದೇ ಫಿಲ್ಮು' ಅಂದ್ರೆ, 'ಕೆರೇಗೆ ನೀರು ತುಂಬ್ಸಿದೋನು ನನ್ ಪಕ್ಕಕ್ಕೆ ಮೊಮ್ಮಗನ್ನ ತರಕಾಗಲ್ವಾ?' ಅಂದ್ಬುಟ್ರು."

ಮಾವ ಬಹಳ ಹೊತ್ತು ಕ್ಯಾಮೆರಾ ಹಿಡಿದು ನಿಂತಿದ್ದರಂತೆ. ಆಮೇಲೆ ಒಳಗೆ ಹೋಗಿ ಒನಕೆ ತಂದರಂತೆ. ಆಮೇಲೆ ಸಾಸಿವೆ ಡಬ್ಬಿ. ನನ್ನ ಕಾಲೇಜು ಅರ್ಜಿಗೆಂದು ಅವರೇ ತೆಗೆದಿದ್ದ ಪಟದಿಂದ ನನ್ನ ತಲೆಯನ್ನು ಕತ್ತರಿಸಿ, ಅಂಗಿಯ ಮೇಲೆ ಅಂಟಿಸಿ, ಅಂಚುಗಳನ್ನು ತಿದ್ದಿ, ಅದನ್ನೇ ಸ್ಟುಡಿಯೋದ ಸಾಮಾನ್ಯ ಫಿಲ್ಮಿನಲ್ಲಿ ಮತ್ತೆ ಪಟ ತೆಗೆದರು. ಅಜ್ಜಿ ಹೋಗುವವರೆಗೂ ಅದು ಅವಳ ದಿಂಬಿನ ಪಕ್ಕದಲ್ಲಿತ್ತು.

"ನನಗೇಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಾನ ಅಂತಿದ್ರು. ನೀನು ಬಂದು, ಅವತ್ತು ಅಂಗಿತ್ತು, ಇಂಗಿತ್ತು ಅಂತ ಶುರು ಮಾಡ್ದೆ. ಅವ್ರು ಒಳಗ್ ಬಂದು ನನ್ ಹತ್ರ, 'ಅವ್ನಿಗೆ ನೆನಪೈತಂತೆ ಕಣೇ! ಅಮ್ಮನ ಕೈ ಹೆಗಲ ಮೇಲಿದ್ದಿದ್ದೂ ನೆನಪೈತಂತೆ! ಇನ್ಯಾವ ಬಹುಮಾನ ಬೇಕೇ ನನ್ಗೆ?' ಅಂದ್ರು. ಅವತ್ತೊಂದಿನ ಮಾತ್ರ ಅತ್ತಿದ್ದು ನಾನು ಕಂಡಿದ್ದು."

ಮನೆಗೆ ಬಂದು ಪಟವನ್ನು ಗೋಡೆಯಿಂದ ಇಳಿಸಿದೆ. ಹಿಂಬದಿಯ ದಿನಾಂಕವನ್ನು ಹೊಡೆದುಹಾಕಿ ಸರಿಯಾದುದನ್ನು ಬರೆಯಬೇಕೆಂದು ಎಂದೋ ಹೆರೆದಿಟ್ಟಿದ್ದ ಪೆನ್ಸಿಲು ಮೇಜಿನ ಮೇಲೆಯೇ ಇತ್ತು. ಅದನ್ನು ಎತ್ತಿ ಒಳಗಿಟ್ಟೆ. ದಾಖಲೆ ಹೀಗಿದೆ: 1979ರ ಮಾರ್ಚ್ 4ರ ಭಾನುವಾರ ನಾನು ಮಧುಗಿರಿಯಲ್ಲಿರಲಿಲ್ಲ, ಮಾವ ಬರೆದ ದಿನಾಂಕ ಸರಿಯಾಗಿಯೇ ಇದೆ. ಅಂದು ಜಗುಲಿಯಲ್ಲಿ ಬಿಸಿಲಿತ್ತೆಂಬುದೂ ನನ್ನ ಹೆಗಲ ಮೇಲೆ ಅಜ್ಜಿಯ ಕೈಯಿತ್ತೆಂಬುದೂ ನನಗೆ ಈಗಲೂ ನೆನಪಿದೆ.