ಪೆಟ್ಟಿಗೆ ಯಾರದ್ದಾದರೇನು

ಆಸ್ಪತ್ರೆಯ ಲಿಫ್ಟಿನಲ್ಲಿ ಭಾಮೈದ ಆಡಿದ ಒಂದು ಮಾತಿಗೆ ವೈರಪ್ಪನ ಬೆಳಗು ಕೆಟ್ಟಿತು.

"ಭಾವ, ಹೊಸ ಕಂಪನಿ ಪೆಟ್ಟಿಗೆ ಕೂರಿಸಿದ್ರಂತೆ. ನಿಮ್ಮ ಓದೆಲ್ಲ ಹಳೇ ಕಂಪನೀದಲ್ವಾ? ಇನ್ನು ಅದನ್ನೇನು, ಗುಜರಿಗೆ ಹಾಕ್ತೀರಾ?"

ನರ್ಸು ನಕ್ಕಳು, ಔಷಧಿ ಕೌಂಟರಿನವನು ನಕ್ಕ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ರೋಗಿಯೂ ನಕ್ಕ. ರೋಗಿಗೆ ತಲೆಬುಡ ಏನೂ ಗೊತ್ತಿರಲಿಲ್ಲ. ವೈರಪ್ಪನನ್ನು ಹೆಚ್ಚು ಉರಿಸಿದ್ದು ಅದೇ.

ಆಸ್ಪತ್ರೆಯ ಕಂಪ್ಯೂಟರುಗಳ ಮಾತನ್ನು ಅತ್ತಿತ್ತ ಸಾಗಿಸುವ ನೆಟ್‌ವರ್ಕ್ ಯಂತ್ರವನ್ನು ಅಲ್ಲಿ ಎಲ್ಲರೂ ಪೆಟ್ಟಿಗೆ ಎನ್ನುತ್ತಿದ್ದರು; ಅದನ್ನು ನೋಡಿಕೊಳ್ಳುವವನನ್ನು ವೈರಪ್ಪ ಎನ್ನುತ್ತಿದ್ದರು. ಪ್ರಾಯವೆಲ್ಲ ಒಂದೇ ಕಂಪನಿಯ ಪೆಟ್ಟಿಗೆಗಳನ್ನು ಓದಿ, ಅದೇ ಕಂಪನಿಯ ಪರೀಕ್ಷೆಗಳನ್ನು ಪಾಸು ಮಾಡಿ, ಸರ್ಟಿಫಿಕೇಟುಗಳಿಗೆಲ್ಲ ಅವನು ಕಟ್ಟು ಹಾಕಿಸಿ, ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಆ ಮೊಳೆಗಳಿಗೆ ಹೆಂಡತಿ ಈಗ ಕೊಡೆ, ಕೈಚೀಲ ನೇತುಹಾಕುತ್ತಿದ್ದಳು. ಅದು ಬೇರೆಯೇ ಸಿಟ್ಟು.

ಲಿಫ್ಟಿನಿಂದ ಇಳಿದರೆ ಎರಡನೇ ಮಹಡಿ ಸ್ತಬ್ಧವಾಗಿತ್ತು. ಬಿಲ್ಲು ಬರುತ್ತಿರಲಿಲ್ಲ. ಟೋಕನ್ ಬೋರ್ಡು ಹದಿನಾಲ್ಕರಲ್ಲಿ ನಿಂತಿತ್ತು. ಹದಿನಾಲ್ಕನೆಯವರು ತೋರಿಸಿಕೊಂಡು ಮನೆ ಸೇರಿದ್ದರು, ಹದಿನೈದನೆಯವರು ಡಾಕ್ಟರ ಬಾಗಿಲಲ್ಲಿ ಜಗಳಕ್ಕೆ ನಿಂತಿದ್ದರು.

ಆಡಳಿತಾಧಿಕಾರಿ ಮೇಡಂ ವೈರಪ್ಪನನ್ನು ಅದೇ ಮಹಡಿಯಲ್ಲಿದ್ದ ತಮ್ಮ ಕೋಣೆಗೆ ಕರೆಸಿದರು.

"ಹೊಸ ಕಂಪನಿಯವರು ಸಂಜೆ ಬರ್ತಾರಂತೆ. ನಿಮಗೆ ಈ ಪೆಟ್ಟಿಗೆ ಬರುತ್ತಾ? ಬರದಿದ್ರೆ ಹೇಳ್ಬಿಡಿ. ಇವತ್ತೇ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕ್ತೀನಿ. ಬೆಡ್‌ಶೀಟ್ ಎಣಿಸೋಕೆ ಅಲ್ಲಿ ಜನ ಇಲ್ಲ."

"ಪೆಟ್ಟಿಗೆ ಯಾರದ್ದಾದ್ರೇನು ಮೇಡಂ, ಒಳಗೆ ನಡೆಯೋದು ಒಂದೇ," ಎಂದು ಹಲ್ಲು ಕಚ್ಚಿಕೊಂಡು ಅವನು ಪೆಟ್ಟಿಗೆಯಿದ್ದ ನೆಲಮಾಳಿಗೆಗೆ ಇಳಿದ.

ಹಳೆಯ ಕಂಪನಿಯ ಆಜ್ಞೆಯನ್ನು ಬೆರಳುಗಳು ಕೀಬೋರ್ಡಿನ ಮೇಲೆ ತಾವಾಗಿಯೇ ಬಡಿದವು. ಗೊತ್ತಿಲ್ಲ ಎಂದಿತು ಪೆಟ್ಟಿಗೆ. ಇನ್ನೊಂದು ಬಡಿದ, ಅದೂ ಗೊತ್ತಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಬಾಗಿಲು ತೆರೆದು, ಯಾರು ಬೇಕಾಗಿತ್ತು ಎಂದು ಕೇಳಿದಂತಾಯಿತು.

ಅಷ್ಟರಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ ಬಿಟ್ಟು ಭಾಮೈದ ಬಂದ. ಹಿಂದೆಯೇ ಔಷಧಿ ಕೌಂಟರಿನವನು.

"ಆಫ್ ಮಾಡಿ ಆನ್ ಮಾಡಿ ಭಾವ."

"ಮೊದಲು ನಿನ್ನ ಬಾಯಿ ಆಫ್ ಮಾಡು."

"ಧೂಳು ಕೂತಿರ್ಬೇಕು," ಎಂದ ಔಷಧಿಯವನು. "ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದ್ರೆ..."

"ನಿನ್ನೆ ಬಂದ ಪೆಟ್ಟಿಗೆಗೆ ಧೂಳೇನ್ರಿ? ಊಟಕ್ಕೆ ಮುಂಚೆ ಒಂದು, ಆಮೇಲೊಂದು ಮಾತ್ರೇನೂ ಬರ್ಕೊಡಿ."

ಕೋಪ ನೆತ್ತಿಗೇರಿದ್ದರೂ ತಲೆ ಓಡುತ್ತಿತ್ತು. ಉಳಿದ ಮಹಡಿಗಳು ನಡೆಯುತ್ತಿವೆ; ಹಾಗಾದರೆ ಪೆಟ್ಟಿಗೆ ಕೆಟ್ಟಿಲ್ಲ. ಎರಡನೇ ಮಹಡಿಯ ಮಾತು ಪೆಟ್ಟಿಗೆಯವರೆಗೆ ಬರುತ್ತಿದೆ. ಹಾಗಾದರೆ ವೈರೂ ಸರಿಯಿದೆ. ಕೂರಿಸಿದವರು ಆ ಮಹಡಿಗೆ ಮುಂದೆ ಹೋಗಲು ದಾರಿ ಬಿಡುವುದನ್ನೇ ಮರೆತಿದ್ದಾರೆ. ಹೀಗೆ ಯೋಚಿಸುವುದನ್ನು ಯಾವ ಕಂಪನಿಯೂ ಬದಲಾಯಿಸಿರಲಿಲ್ಲ. ಸಹಾಯ ಕೇಳುವ ಪ್ರಶ್ನೆ ಚಿಹ್ನೆ ಒತ್ತಿ ಒತ್ತಿ, ದಾರಿ ಬಿಡುವುದಕ್ಕೆ ಇದರ ಭಾಷೆಯಲ್ಲಿ ಏನೆನ್ನುತ್ತಾರೆಂದು ಇದರ ಬಾಯಿಂದಲೇ ಹೊರಡಿಸಿ, ಅದನ್ನೇ ಬರೆದ.

ಏನೂ ಆಗಲಿಲ್ಲ. ಹಳೆಯದು ಹೇಳಿದ ಕ್ಷಣವೇ ಮಾಡುತ್ತಿತ್ತು. ಇದಕ್ಕೆ ಜಾರಿ ಮಾಡು ಎಂದು ಬೇರೆ ಹೇಳಬೇಕಿತ್ತು, ಅದರಲ್ಲೂ ಹಲವು ಬಗೆ. ಎಲ್ಲಕ್ಕಿಂತ ಉದ್ದವಾಗಿದ್ದದ್ದೇ ಭದ್ರವಿರಬೇಕೆಂದು ಅದನ್ನು ಕುಟ್ಟಿದ. ಪರದೆಯ ಮೇಲೆ ಏನೋ ಎರಡು ಸಾಲು ಮೂಡಿದವು. ಆಗಲೇ ಮೇಲಿನಿಂದ ಫೋನು ಬಂತು: ಬೋರ್ಡು ಹದಿನೈದಕ್ಕೆ ಹೋಗಿದೆ.

"ಒಳ್ಳೇದಾಯ್ತು," ಎಂದರು ಮೇಡಂ, ಅವನು ಮೇಲೆ ಅವರ ಕೋಣೆಗೆ ಬಂದಾಗ. "ಸ್ಟೋರಿನ ಮಾತು ಮರೆತುಬಿಡಿ. ಹೋಗಿ ಕೆಲಸ ನೋಡಿ."

ಹೋಗಬಹುದಿತ್ತು. ಆದರೆ ಬೆಳಗಿನಿಂದ ನುಂಗಿದ್ದೆಲ್ಲ ಗಂಟಲಿಗೆ ಬಂದಿತ್ತು.

"ಮರೆಯೋದು ಹೆಂಗೆ ಮೇಡಂ? ನಾನು ಕಲಿತದ್ದು ಕಂಪನಿ ಹೆಸರನ್ನಲ್ಲ. ಡ್ರೈವರ್ ಹತ್ರ ಹೋಗಿ, ಬಸ್ಸಿನ ಬಣ್ಣ ಬದಲಾಯ್ತು, ನೀನಿನ್ನು ಇಳಿ ಅಂತೀರಾ? ಡಾಕ್ಟರಿಗೆ ಹೊಸ ಸ್ಟೆತಸ್ಕೋಪ್ ಕೊಟ್ಟು, ಇನ್ನು ನೀವು ಬೆಡ್‌ಶೀಟ್ ಎಣಿಸಿ ಅಂತೀರಾ?"

ಮೇಡಂ ಗಡಿಯಾರ ನೋಡಿದರು. ವೈರಪ್ಪ ಸರ್ಟಿಫಿಕೇಟುಗಳಿಗೆ ಬಂದ. ಅಲ್ಲಿಂದ ಲಿಫ್ಟಿನಲ್ಲಿ ನಕ್ಕ ರೋಗಿಗೆ ಬಂದ. ಅಷ್ಟರಲ್ಲಿ ಭಾಮೈದ ಬಾಗಿಲಲ್ಲಿ ತಲೆ ಹಾಕಿದ.

"ಭಾವ, ಕೆಳಗೆ ಪೆಟ್ಟಿಗೆ ಏನೋ ಕೇಳ್ತಿದೆ. ಹತ್ತು ನಿಮಿಷದೊಳಗೆ ಹೌದು ಅನ್ಬೇಕಂತೆ."

"ಅದು ನನ್ನ ಕೇಳೋದಲ್ಲ. ನಾನು ಹೇಳಿದ್ದನ್ನ ಅದು ಕೇಳ್ಬೇಕು."

"ಅಲ್ಲ ಭಾವ, ಇಲ್ದಿದ್ರೆ ಮೊದಲಿನ ಹಾಗೆ..."

"ಹೊರಗೆ ನಡಿ."

ಅವನು ಹೋದ. ವೈರಪ್ಪ ಹೊಸ ಕಂಪನಿಯವರ ವಂಶವನ್ನು ಜಾಲಾಡಲು ಶುರುಮಾಡಿದ್ದಷ್ಟೇ. ಮೇಡಂ ಕಂಪ್ಯೂಟರು ಮರಗಟ್ಟಿತು, ಹೊರಗೆ ಇಡೀ ಮಹಡಿ ಒಟ್ಟಿಗೆ ಕೂಗಿತು.

ನೆಲಮಾಳಿಗೆಗೆ ಓಡಿ ಪರದೆ ನೋಡಿದ. ನೀವು ಖಚಿತಪಡಿಸಲಿಲ್ಲ, ಆದ್ದರಿಂದ ಮಾಡಿದ್ದನ್ನು ರದ್ದು ಮಾಡಿ ಮೊದಲಿನ ಸ್ಥಿತಿಗೆ ಮರಳಿದ್ದೇನೆ ಎಂದು ಪೆಟ್ಟಿಗೆ ಬಲು ವಿನಯದಿಂದ ಬರೆದಿತ್ತು. ಎಲ್ಲವನ್ನೂ ಮತ್ತೆ ಬರೆದು, ಗುಂಡಿ ಮುರಿಯುವಂತೆ ಹೌದು ಎಂದು ಗುದ್ದಿ, ಏದುಸಿರು ಬಿಡುತ್ತ ಅವನು ಮೇಲೆ ಬಂದ. ಅವನೇ ಜೀವ ಕೊಟ್ಟ ಪ್ರಿಂಟರು ಮೇಡಂ ಕೋಣೆಯಲ್ಲಿ ಒಂದು ಆರ್ಡರನ್ನು ಉಗುಳುತ್ತಿತ್ತು.

"ಸ್ಟೋರಿಗಾ ಮೇಡಂ?"

"ಛೆ, ಇಲ್ಲಪ್ಪ. ಕಂಪನಿ ಯಾವುದಾದ್ರೂ ನಿಮ್ಮ ಓದು ಕೆಲಸಕ್ಕೆ ಬರುತ್ತೆ, ಒಪ್ಕೊಂಡೆ. ನೀವು ಪೆಟ್ಟಿಗೆ ಹತ್ರಾನೇ ಇರಿ. ಅದು ಬರೆದದ್ದನ್ನ ಓದೋರು ಒಬ್ರು ಬೇಕಲ್ಲ, ಅದಕ್ಕೆ ನಿಮ್ಮ ಮೇಲೆ ಒಬ್ಬರನ್ನ ಹಾಕಿದೀನಿ."

ಕಿಟಕಿಯ ಪಕ್ಕದಲ್ಲಿ ಭಾಮೈದ ಅಂಗಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ವೈರಪ್ಪ ಮುಷ್ಟಿ ಬಿಗಿದು ಬಾಯಿ ತೆರೆದ.

"ಸಮಾಧಾನ ಭಾವ," ಎಂದ ಹೊಸ ಮೇಲಧಿಕಾರಿ. "ಅಕ್ಕನಿಗೆ ಆಗ್ಲೇ ಫೋನ್ ಮಾಡ್ಬಿಟ್ಟೆ. ನೀವು ಕೂಗಾಡಿದ್ರೆ ತಕ್ಷಣ ತಿಳಿಸು ಅಂದಿದಾಳೆ."