ಹಾಳಾಗದ ಲಸಿಕೆಗೆ ಸೊನ್ನೆ ಅಂಕ

ವಾದ ಮಾಡಿ ಅಭ್ಯಾಸವಾದವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿನವರು ಹೇಳಿದ್ದು ಸರಿಯೋ ತಪ್ಪೋ ಎಂಬುದು ನಮಗೆ ಆಮೇಲಿನ ವಿಷಯ. ಅದರಲ್ಲಿ ಸಂದು ಎಲ್ಲಿದೆ ಎಂದು ಮೊದಲು ಕಣ್ಣು ಹೋಗುತ್ತದೆ. ನನಗೆ ಇದು ಅಂಟಿದ್ದು ಪುತ್ತೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಚೀಟಿ ಎತ್ತಿ, ಪರವೋ ವಿರೋಧವೋ ನೋಡಿಕೊಂಡು, ಐದು ನಿಮಿಷದಲ್ಲಿ ಅಭಿಪ್ರಾಯ ಹುಟ್ಟಿಸಿಕೊಂಡು ವೇದಿಕೆ ಹತ್ತಬೇಕು. ಒಂದೇ ವಾರದಲ್ಲಿ ಪರೀಕ್ಷೆಗಳು ಬೇಡವೇ ಬೇಡ ಎಂದು ಒಂದು ಕಡೆ, ಬೇಕೇ ಬೇಕು ಎಂದು ಇನ್ನೊಂದು ಕಡೆ ವಾದಿಸಿ ಎರಡೂ ಕಡೆ ಮೊದಲ ಬಹುಮಾನ ತಂದಿದ್ದೆ. ಎರಡೂ ಸ್ಟೀಲ್ ತಟ್ಟೆಗಳು. ಅಮ್ಮ ಯಾವ ಪಕ್ಷಪಾತವೂ ಇಲ್ಲದೆ ಎರಡರಲ್ಲೂ ನೀರುದೋಸೆ ಬಡಿಸುತ್ತಿದ್ದಳು.

ಈಗ ನಾನು ಕುವೈತಿನಲ್ಲಿ, ನಗರದ ಸಾರ್ವಜನಿಕ ಆರೋಗ್ಯ ಇಲಾಖೆಯ ಒಂದು ವಲಯ ಕಚೇರಿಯಲ್ಲಿ ಗುತ್ತಿಗೆ ಉದ್ಯೋಗಿ. ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ಗುತ್ತಿಗೆ ಕಂಪನಿಯದು, ಕುರ್ಚಿ ಇಲಾಖೆಯದು, ಬಾಯಿ ಮಾತ್ರ ಸ್ವಂತದ್ದು. ನಮ್ಮ ಮುದೀರ್, ಅಂದರೆ ಕಚೇರಿಯ ಮುಖ್ಯಸ್ಥರು, ಕುವೈತಿ ಡಾಕ್ಟರ್, ಸಜ್ಜನರು. ಬಜೆಟ್ ಹೊತ್ತು ಬಂತೆಂದರೆ ಮಾತ್ರ ಅವರ ಮುಖ ಬಾಡುತ್ತದೆ. ಪ್ರತಿ ವಿಭಾಗವೂ ತನ್ನ ಬೇಡಿಕೆಪಟ್ಟಿ ಕಳಿಸುತ್ತದೆ, ಪ್ರತಿಯೊಂದರ ಮೇಲೂ 'ತುರ್ತು' ಎಂಬ ಕೆಂಪು ಮುದ್ರೆ. ಆ ಮುದ್ರೆಯನ್ನು ಸ್ಟೋರ್ ನೋಡಿಕೊಳ್ಳುವ, ನಮ್ಮೂರ ಕಡೆಯವನೇ ಆದ ಹಮೀದ್ ಕಾಕನ ಮೇಜಿಗೆ ದಾರದಲ್ಲಿ ಕಟ್ಟಿದೆ. ಯಾರು ಬೇಕಾದರೂ ಬಂದು ಹೊಡೆದುಕೊಂಡು ಹೋಗಬಹುದು. ಇಲಿ ಪಾಷಾಣ ತುರ್ತು, ಸೊಳ್ಳೆಗೆ ಹೊಗೆ ಹಾಕುವ ಯಂತ್ರ ತುರ್ತು, ಹೋಟೆಲ್ ತಪಾಸಣೆಯವರ ಬಿಳಿ ಕೋಟು ತುರ್ತು. ಒಂದು ವರ್ಷ ಗೋಡೆ ಕ್ಯಾಲೆಂಡರಿನ ಬೇಡಿಕೆಗೂ ತುರ್ತು ಬಿದ್ದಿತ್ತಂತೆ. ಕ್ಯಾಲೆಂಡರ್ ಬಂದದ್ದು ಜೂನ್ ತಿಂಗಳಲ್ಲಿ.

"ಎಲ್ಲವೂ ತುರ್ತಾದರೆ ಯಾವುದೂ ತುರ್ತಲ್ಲ, ಡಾಕ್ಟರ್. ಸಾಕ್ಷಿ ಕೇಳಬೇಕು," ಎಂದೆ ಒಂದು ದಿನ. ಯಾರೂ ನನ್ನನ್ನು ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಹಾಗಾದರೆ ನೀನೇ ಮಾಡು. ಯಲ್ಲಾ, ಶುರು ಮಾಡು," ಎಂದರು. ಎರಡು ದಿನ ಕೂತು ಒಂದು ಫಾರಂ ಮಾಡಿದೆ. ಮೂರು ಪ್ರಶ್ನೆ: ಇದಿಲ್ಲದೆ ಕಳೆದ ವರ್ಷ ಆದ ನಷ್ಟವೇನು, ಎಷ್ಟು ಜನರಿಗೆ ತಲುಪುತ್ತದೆ, ಇನ್ನೊಂದು ವರ್ಷ ಕಾಯಬಹುದೇ. ಪ್ರತಿಯೊಂದಕ್ಕೂ ಅಂಕ, ಸಾಕ್ಷಿ ಇಲ್ಲದಿದ್ದರೆ ಸೊನ್ನೆ. ಅತೃಪ್ತರಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವನ್ನೂ ಇಟ್ಟೆ. ನ್ಯಾಯಬುದ್ಧಿ ನೋಡಿ ನನ್ನದು!

ಹವಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳ ಲಸಿಕೆ ಕೋಣೆ ನೋಡಿಕೊಳ್ಳುವವರು ಲವೀನಾ ಸಿಸ್ಟರ್. ಮಂಗಳೂರು ಕಡೆಯ ಕೊಂಕಣಿ ಮನೆಯವರು, ನನ್ನಮ್ಮನ ವಯಸ್ಸು. ಫಾರಂ ತುಂಬಿಸಲು ಬಂದು ನನ್ನ ಮುಂದೆ ಕೂತರು.

"ನಿಶಾ ಬಾಯೆ, ನಮ್ಗೊಂದು ಲಸಿಕೆ ಫ್ರಿಜ್ ಬೇಕು. ಈಗ ಇರುದು ಮಧ್ಯಾಹ್ನ ಆದ ಕೂಡ್ಲೇ ಉಸಿರು ಬಿಡ್ತದೆ. ರಿಪೇರಿಯವ ಮೂರು ಸಲ ಬಂದು ಕೈ ಮುಗಿದು ಹೋದ."

"ಕಳೆದ ವರ್ಷ ಎಷ್ಟು ಡೋಸ್ ಹಾಳಾಯ್ತು ಸಿಸ್ಟರ್?"

"ಒಂದೂ ಇಲ್ಲ!"

"ಒಂದೂ ಇಲ್ವಾ?"

"ಹಾಳಾಗ್ಲಿಕ್ಕೆ ಬಿಡ್ತೇನಾ ನಾನು? ಮಕ್ಕಳದ್ದಲ್ವಾ ಅದು. ಫ್ರಿಜ್ ನಿಲ್ಲುವ ಮೊದಲೇ ಐಸ್ ಪೆಟ್ಟಿಗೆಗೆ ತುಂಬಿಸಿ, ಡ್ಯೂಟಿ ಮುಗಿವಾಗ ಬ್ನೇದ್ ಅಲ್ ಗಾರಿನ ಕ್ಲಿನಿಕ್ಕಲ್ಲಿ ಇಟ್ಟು ಬರುದು, ಬೆಳಿಗ್ಗೆ ವಾಪಸ್ ತರುದು. ನಮ್ಮ ರೋನಿಯ ಕಾರಲ್ಲಿ. ಎರಡೂ ಕಡೆ ರಿಜಿಸ್ಟರಿಗೆ ಸೈನ್ ಉಂಟು, ಬೇಕಾದ್ರೆ ನೋಡು."

ರೋನಿ ಅವರ ಗಂಡ. ರಿಜಿಸ್ಟರ್ ನೋಡಿದೆ. ಒಂದು ದಿನವೂ ತಪ್ಪಿರಲಿಲ್ಲ. "ಹಾಗಾದರೆ ನಷ್ಟ ಸೊನ್ನೆ," ಎಂದು ಬರೆದೆ. "ಹೌದು, ಸೊನ್ನೆ!" ಎಂದು ಸಿಸ್ಟರ್ ಹಿಗ್ಗಿದರು. ನಾನು ಹೊಗಳುತ್ತಿದ್ದೇನೆ ಅಂದುಕೊಂಡಿದ್ದರು ಪಾಪ. ಹೋಗುವಾಗ ಬ್ಯಾಗಿನಿಂದ ಕೇಕಿನ ತುಂಡೊಂದನ್ನು ತೆಗೆದು ಕೊಟ್ಟರು. ನಾನು ತಿಂದೆ.

ಅಂಕಗಳು ಬಂದವು. ಮೊದಲ ಸ್ಥಾನ ಇಲಿ ಪಾಷಾಣಕ್ಕೆ. ಅವರ ಗೋದಾಮಿನಲ್ಲಿ ಇಲಿಗಳೇ ಚೀಲ ಹರಿದು ಅರ್ಧ ಪಾಷಾಣ ಚೆಲ್ಲಿದ್ದವು. ಚೆಲ್ಲಿದ್ದೆಲ್ಲ ನೆಲದ ತೇವಕ್ಕೆ ಒದ್ದೆಯಾಗಿ ಹಾಳು. ಫೋಟೊ ಸಮೇತ ಸಾಕ್ಷಿ, ನಷ್ಟದ ಕಲಂನಲ್ಲಿ ಪೂರ್ತಿ ಅಂಕ. ಎರಡನೆಯದು, 'ಕೈ ತೊಳೆಯಿರಿ' ಎಂದು ಮಿನುಗುವ ವಿದ್ಯುತ್ ಫಲಕ. ಆ ರಸ್ತೆಯಲ್ಲಿ ಹಾದು ಹೋಗುವ ಕಾರುಗಳಲ್ಲಿ ಕೂತವರಿಗೆಲ್ಲ ಅದು ತಲುಪುತ್ತದೆ ಎಂದು ಬರೆದಿದ್ದರು. ಅವರಿಗೆ ನಲ್ಲಿಯೂ ತಲುಪುತ್ತದೆಯೇ ಎಂದು ನಾನು ಕೇಳಿರಲಿಲ್ಲ. ಕಟ್ಟಕಡೆಗೆ ಲಸಿಕೆ ಫ್ರಿಜ್.

ಮರುದಿನವೇ ಸಿಸ್ಟರ್ ಬಂದರು. ಈ ಸಲ ಕೇಕಿರಲಿಲ್ಲ.

"ಎಂತ ಮಾರಾಯ್ತಿ ಇದು? ಪಾಷಾಣ ಚೆಲ್ಲಿದವರಿಗೆ ಫಸ್ಟ್ ಪ್ರೈಜ್, ಲಸಿಕೆ ಉಳಿಸಿದವಳು ಫೇಲಾ?"

"ನಷ್ಟದ ಸಾಕ್ಷಿ ಇಲ್ಲವಲ್ಲ ಸಿಸ್ಟರ್..."

ಹಮೀದ್ ಕಾಕ ಮುದ್ರೆಯ ದಾರ ಸರಿಮಾಡುತ್ತಾ ನಡುವೆ ಬಾಯಿ ಹಾಕಿದ: "ತಪ್ಪು ನಿಮ್ದೇ ಸಿಸ್ಟರೇ. ಒಂದು ದಿವಸ ಎಲ್ಲ ಅಲ್ಲೇ ಬಿಟ್ಟು ಮನೆಗೆ ಹೋಗಿ ಮಲಗ್ಬೇಕಿತ್ತು. ಪೂರಾ ಹಾಳಾದ್ರೆ ಈ ಹುಡುಗಿ ಫುಲ್ ಮಾರ್ಕ್ ಕೊಡ್ತಿದ್ಲು."

ಸಿಸ್ಟರ್ ದನಿ ತಗ್ಗಿಸಿದರು. "ನನಗೆ ಬಹುಮಾನ ಬೇಡ ಬಾಯೆ. ಮುಂದಿನ ವಾರದಿಂದ ರೋನಿಗೆ ಆ ದೂರದ ಮಂಗಫಿನಲ್ಲಿ ಡ್ಯೂಟಿ, ಕಾರು ಅವನೊಟ್ಟಿಗೆ ಹೋಗ್ತದೆ. ಟ್ಯಾಕ್ಸಿಯವ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕು ಅಂತಾನೆ. ಆ ಬೆಂಕಿಯಲ್ಲಿ! ಇನ್ನು ನಿಜವಾಗ್ಲೂ ಹಾಳಾಗ್ತದೆ."

ಎಲ್ಲರ ಮಾತನ್ನೂ ಅನುಮಾನಿಸುವ ನಾನು ನನ್ನ ಫಾರಂ ಒಂದನ್ನು ಮಾತ್ರ ಅನುಮಾನಿಸಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿದವರಿಗೆ ಸೊನ್ನೆ ಕೊಡುವ ಯಂತ್ರವನ್ನು ನಾನೇ ಕೂತು ತಯಾರಿಸಿದ್ದೆ. "ಆಕ್ಷೇಪಣೆ ಹಾಕಿ ಸಿಸ್ಟರ್," ಎಂದೆ. "ನನಗೆ ಹಾಗೆಲ್ಲ ಬರೀಲಿಕ್ಕೆ ಬರುದಿಲ್ಲ, ನೀನೇ ಬರೆ," ಎಂದರು. ಬರೆದೆ. ಅವರು ಸಹಿ ಹಾಕಿದರು. ನಿಯಮದ ಪ್ರಕಾರ ಆಕ್ಷೇಪಣೆಗೆ ಉತ್ತರ ಕೊಡಬೇಕಾದವರು ಫಾರಂ ತಯಾರಿಸಿದವರು. ಮರುದಿನ ಬೆಳಿಗ್ಗೆ ನನ್ನದೇ ಬರಹ ನಂಬರು ಹಾಕಿಸಿಕೊಂಡು ನನ್ನ ಟ್ರೇಗೆ ಬಂದು ಬಿತ್ತು.

ಇಷ್ಟು ಸುಲಭದ ಕೆಲಸ ಜೀವನದಲ್ಲಿ ಇನ್ನೊಂದಿರಲಿಲ್ಲ. ಉತ್ತರದ ಹಾಳೆಯಲ್ಲಿ ಎರಡೇ ಜಾಗ: ಮೇಲೆ 'ವಿರುದ್ಧ ಅಭಿಪ್ರಾಯ', ಕೆಳಗೆ 'ಶಿಫಾರಸು'. ಕೆಳಗೆ 'ಒಪ್ಪಬಹುದು' ಎಂದು ಬರೆದೆ. ಮೇಲಿನದನ್ನು ಖಾಲಿ ಬಿಟ್ಟರೆ ಊರಿನವರೆಂದು ಬಿಟ್ಟುಕೊಟ್ಟಳು ಎನ್ನುತ್ತಾರೆ, ಎರಡು ಸಾಲು ಇರಲಿ ಅಂದುಕೊಂಡೆ. ಅರ್ಜಿಯನ್ನು ಮತ್ತೊಮ್ಮೆ ಓದಿದೆ. 'ಮುಂದೆ ಲಸಿಕೆ ಹಾಳಾಗುವ ಸಾಧ್ಯತೆ ಇದೆ.' ಎಂಥ ದುರ್ಬಲ ವಾಕ್ಯ! ಇಂಥದ್ದನ್ನು ಯಾರಾದರೂ ಬರೆಯುತ್ತಾರೆಯೇ? ಸಾಧ್ಯತೆ ಸಾಕ್ಷಿಯಲ್ಲ ಎಂದು ಬರೆದೆ. ಈಗಿನ ವ್ಯವಸ್ಥೆಯಲ್ಲಿ ಒಂದು ಡೋಸೂ ಹಾಳಾಗಿಲ್ಲವೆಂದು ಅರ್ಜಿದಾರರೇ ಒಪ್ಪಿರುವುದನ್ನು ಎತ್ತಿ ತೋರಿಸಿದೆ. ಕಾರಿನ ಸಮಸ್ಯೆಗೆ ಪರಿಹಾರ ಕಾರೇ ಹೊರತು ಫ್ರಿಜ್ ಅಲ್ಲ ಎಂದೆ. ಹಾಳೆ ತುಂಬಿ ಹಿಂಬದಿಗೂ ಹರಿಯಿತು. ಬರೆದು ಮುಗಿಸಿದಾಗ, ಸುಳ್ಳೇಕೆ ಹೇಳಲಿ, ಬಹಳ ದಿನಗಳ ಮೇಲೆ ಮೈ ಹಗುರವಾಗಿತ್ತು.

ಮುದೀರ್ ಮಧ್ಯಾಹ್ನ ಕರೆದರು. "ಅದ್ಭುತವಾಗಿ ಬರೆದಿದ್ದೀಯ. ತಿರಸ್ಕರಿಸಿದ್ದೇನೆ. ಪಟ್ಟಿ ಮೇಲಕ್ಕೆ ಹೋಯಿತು, ಖಲಾಸ್."

"ಡಾಕ್ಟರ್, ಕೆಳಗೆ ಒಪ್ಪಬಹುದು ಎಂದು ಬರೆದಿದ್ದೆನಲ್ಲ!"

"ನೋಡಿದೆ. ಮೇಲೆ ಅಷ್ಟು ಬರೆದ ಮೇಲೆ ಅದು ನಿನ್ನ ಸೌಜನ್ಯ ಅಂದುಕೊಂಡೆ."

ಸಿಸ್ಟರಿಗೆ ಹೇಗೆ ಹೇಳುವುದು? ಹೇಳಿದೆ. ಅವರು ಬಯ್ಯಲಿಲ್ಲ. "ನಿನ್ನ ಹತ್ರ ಕಾರು ಉಂಟಲ್ಲ?" ಎಂದು ಮಾತ್ರ ಕೇಳಿದರು.

ಹಾಗಾಗಿ ಈಗ ಕೆಲಸಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ನನ್ನ ಕಾರು ಹವಲ್ಲಿಗೂ ಬ್ನೇದ್ ಅಲ್ ಗಾರಿಗೂ ಓಡುತ್ತದೆ. ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಐಸ್ ಪೆಟ್ಟಿಗೆ, ಹಿಂದೆ ಸಿಸ್ಟರ್. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಏಸಿ ಪೂರ್ತಿ ತಿರುಗಿಸಿ ನಾನು ಸ್ವೆಟರಿನಲ್ಲಿ. ಒಂದು ದಿನ ಸಿಗ್ನಲಿನಲ್ಲಿ ಸಿಲುಕಿದಾಗ ಸಿಸ್ಟರ್ ಹಿಂದಿನಿಂದ, "ಇಲ್ಲೇ ಒಂದು ಗಂಟೆ ಏಸಿ ಬಂದ್ ಮಾಡಿ ಕೂತ್ರೆ ನಮ್ಗೆ ಮಾರ್ಕ್ ಸಿಗ್ತದಲ್ವಾ?" ಎಂದರು. ನಾನು ಏಸಿಯನ್ನು ಇನ್ನಷ್ಟು ತಿರುಗಿಸಲು ನೋಡಿದೆ. ಅದಾಗಲೇ ಕೊನೆಯಲ್ಲಿತ್ತು. ಆ ದಿನವೂ ಒಂದೂ ಹಾಳಾಗಲಿಲ್ಲ. ರಿಜಿಸ್ಟರಿನಲ್ಲಿ ತಂದವರ ಸಹಿ ಈಗ ನನ್ನದು.

ಮುಂದಿನ ಬಜೆಟ್ಟಿಗೆಂದು ಫಾರಂ ತಿದ್ದಿದ್ದೇನೆ. ನಷ್ಟದ ಪ್ರಶ್ನೆಯ ಜಾಗದಲ್ಲಿ, 'ನಷ್ಟ ಆಗದಂತೆ ಈಗ ಯಾರು, ಹೇಗೆ ತಡೆಯುತ್ತಿದ್ದಾರೆ' ಎಂದು ಹಾಕಿ ಅದಕ್ಕೇ ಹೆಚ್ಚು ಅಂಕ ಇಟ್ಟಿದ್ದೇನೆ. ಮುದೀರ್ ಮೆಚ್ಚಿಕೊಂಡರು. "ಜಾರಿಗೆ ತರುವ ಮೊದಲು ಇದರಲ್ಲಿ ತಪ್ಪು ಹುಡುಕಬಲ್ಲ ಯಾರಿಗಾದರೂ ಒಮ್ಮೆ ತೋರಿಸಬೇಕು," ಎಂದು, ಕಚೇರಿಯನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಅದನ್ನು ತಿರುಗಿ ನನ್ನ ಕೈಗೇ ಕೊಟ್ಟರು. ಓದಬಾರದು ಎಂದುಕೊಂಡೇ ಮೇಜಿನ ಮೇಲಿಟ್ಟಿದ್ದೇನೆ. ಈಗಾಗಲೇ ಮೂರು ತಪ್ಪು ಸಿಕ್ಕಿವೆ.